ಮಗುವಿನ ಓದಿಗೆ ಕಿವಿಗೊಡುವ ಯಂತ್ರ

ಮೂರನೇ ತರಗತಿಯ ಮಗು ಗಟ್ಟಿಯಾಗಿ ಓದುತ್ತಿದೆ. ‘ಅರಸ’ ಸಲೀಸಾಗಿ ಬಂತು. ‘ಆಸ್ಥಾನ’ ಬಂದಾಗ ನಾಲಿಗೆ ತಡವರಿಸಿತು. ಪಕ್ಕದಲ್ಲಿ ಯಾರಾದರೂ ಇದ್ದು ಆ ಒಂದು ಪದ ಹೇಳಿಕೊಟ್ಟರೆ ಓದು ಮುಂದೆ ಸಾಗುತ್ತದೆ. ಇಲ್ಲವಾದರೆ ಮಗು ಏನನ್ನೋ ಊಹಿಸಿ ಗುನುಗುತ್ತದೆ, ಅಥವಾ ಪುಸ್ತಕ ಮುಚ್ಚಿಡುತ್ತದೆ.

ಹೇಳಿಕೊಡುವವರು ಯಾರು? ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬೊಬ್ಬರ ಓದನ್ನು ದಿನಕ್ಕೆ ಹತ್ತೇ ನಿಮಿಷ ಕೇಳುತ್ತೇನೆಂದರೂ ಮೇಷ್ಟ್ರಿಗೆ ಐದು ಗಂಟೆ ಬೇಕು. ಎರಡು ಮೂರು ತರಗತಿಗಳನ್ನು ಒಬ್ಬರೇ ನಿಭಾಯಿಸುವ ಹಳ್ಳಿ ಶಾಲೆಗಳಲ್ಲಂತೂ ಅದು ಆಗದ ಮಾತು. ನಾಲ್ಕನೇ ತರಗತಿ ದಾಟಿದ ಮೇಲೆ ವಿಜ್ಞಾನವಿರಲಿ, ಗಣಿತದ ಲೆಕ್ಕವಿರಲಿ, ಓದಿಯೇ ತಿಳಿಯಬೇಕು. ಓದು ಕೂಡಿಬರದ ಮಗು ಎಲ್ಲ ವಿಷಯಗಳಲ್ಲೂ ಹಿಂದೆ ಬೀಳುತ್ತದೆ, ಕೊನೆಗೆ ‘ದಡ್ಡ’ ಎಂಬ ಹೆಸರು ಹೊರುತ್ತದೆ.

ಈ ಕೊರತೆಯನ್ನು ಕಂಪ್ಯೂಟರ್ ತುಂಬೀತೇ?

ಹಳೆಯ ಕನಸು

ಪ್ರಶ್ನೆ ಹೊಸದಲ್ಲ. 1966ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಅಟ್ಕಿನ್‌ಸನ್, ಈಸ್ಟ್ ಪಾಲೊ ಆಲ್ಟೊದ ಬ್ರೆಂಟ್‌ವುಡ್ ಶಾಲೆಯ ಒಂದನೇ ತರಗತಿಯ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಓದಲು ಕೂರಿಸಿದ್ದರು. ಅದೇ ಶಾಲೆಯಲ್ಲಿ ಪ್ಯಾಟ್ರಿಕ್ ಸಪ್ಪೆಸ್ ಗಣಿತ ಕಲಿಸುವ ಪ್ರಯೋಗ ನಡೆಸಿದರು. ಆದರೆ ಆ ಕಾಲದ ಯಂತ್ರ ಮಾತಾಡಬಲ್ಲುದಾಗಿತ್ತೇ ವಿನಾ ಮಗು ಓದಿದ್ದನ್ನು ಅರಿಯಬಲ್ಲುದಾಗಿರಲಿಲ್ಲ.

ಆ ಕಿವಿ ಬಂದದ್ದು 1990ರ ದಶಕದಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾಕ್ ಮೋಸ್ಟೊ ಅವರ ತಂಡ ‘ಪ್ರಾಜೆಕ್ಟ್ ಲಿಸನ್’ ಹೆಸರಿನಲ್ಲಿ ಒಂದು ತಂತ್ರಾಂಶ ರೂಪಿಸಿತು. ಪರದೆಯ ಮೇಲೆ ವಾಕ್ಯ ಮೂಡುತ್ತದೆ, ಮಗು ಮೈಕಿಗೆ ಓದುತ್ತದೆ. ಎಡವಿದರೆ ಯಂತ್ರ ಆ ಪದವನ್ನು ಉಚ್ಚರಿಸಿ ತೋರಿಸುತ್ತದೆ. 2019ರಲ್ಲಿ ಗೂಗಲ್ ಭಾರತದಲ್ಲಿ ಬಿಡುಗಡೆ ಮಾಡಿದ ‘ಬೋಲೊ’ ಇದೇ ಉಪಾಯವನ್ನು ಹಿಂದಿ ಮತ್ತು ಇಂಗ್ಲಿಷ್ ಓದಿಗಾಗಿ ಮೊಬೈಲಿಗೆ ತಂದಿತು.

ಉದುರುವ ಅಕ್ಷರ

ಫಿನ್ಲೆಂಡಿನ ದಾರಿ ಬೇರೆ. ಯುವಾಸ್ಕುಲಾ ವಿಶ್ವವಿದ್ಯಾಲಯದ ಹೈಕಿ ಲ್ಯೂಟಿನೆನ್ ಮತ್ತು ಸಂಗಡಿಗರು, ಓದಿನ ತೊಂದರೆ ವಂಶದಲ್ಲೇ ಇದ್ದ ಮಕ್ಕಳನ್ನು ಎಳವೆಯಿಂದಲೇ ಗಮನಿಸುತ್ತ ಬಂದರು. ಅದರ ಫಲವೇ ‘ಗ್ರಾಫೋಗೇಮ್’ ಎಂಬ ಆಟ. ಕಿವಿಯಲ್ಲಿ ಒಂದು ಧ್ವನಿ ಕೇಳಿಸುತ್ತದೆ, ಪರದೆಯ ಮೇಲಿನಿಂದ ಅಕ್ಷರಗಳು ಉದುರುತ್ತವೆ. ತಳ ಮುಟ್ಟುವ ಮುನ್ನ ಸರಿಯಾದದ್ದನ್ನು ಹಿಡಿಯಬೇಕು. ತಪ್ಪಿದ ಅಕ್ಷರ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಹೆಚ್ಚಿನ ಸಲ ಮಗು ಗೆಲ್ಲುವಂತೆಯೇ ಆಟ ತನ್ನ ಮಟ್ಟ ಹೊಂದಿಸಿಕೊಳ್ಳುತ್ತದೆ. ಸೋತು ಸೋತು ಬೇಸತ್ತ ಮಗುವಿಗೆ ಆ ಗೆಲುವೇ ದೊಡ್ಡ ಮದ್ದು.

ಫಿನ್ನಿಶ್ ಮಕ್ಕಳು ಕಲಿಯಬೇಕಾದ ಅಕ್ಷರಗಳು ಇಪ್ಪತ್ತು ಚಿಲ್ಲರೆ. ನಮ್ಮ ಮಕ್ಕಳ ಪಾಡೇನು? ವರ್ಣಮಾಲೆ 49 ಅಕ್ಷರಗಳದ್ದಾದರೂ 34 ವ್ಯಂಜನಗಳ ಕಾಗುಣಿತ ಬರೆಯಹೋದರೆ 500 ದಾಟುತ್ತದೆ. ಒತ್ತಕ್ಷರಗಳದ್ದು ಇನ್ನೊಂದೇ ಲೋಕ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಮಗುವಿಗೆ ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆದೇ ಇರುತ್ತದೆ. ಹಾಗಾಗಿ ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶಕ್ಕೆ ಕನ್ನಡದ ಅಂಗಿ ತೊಡಿಸಿದರೆ ಸಾಲದು. ಗುಣಿತಾಕ್ಷರ, ಒತ್ತಕ್ಷರಗಳನ್ನು ಹಂತಹಂತವಾಗಿ ಅಭ್ಯಾಸ ಮಾಡಿಸುವಂಥದ್ದೇ ಬೇಕು.

ಯಂತ್ರ ಒಂದೇ ಸಾಲದು

ಇಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ಬೀಗುವಂತಿಲ್ಲ. ಅಮೆರಿಕದ ಶಿಕ್ಷಣ ಇಲಾಖೆ 132 ಶಾಲೆಗಳಲ್ಲಿ ಓದು ಮತ್ತು ಗಣಿತದ ತಂತ್ರಾಂಶಗಳನ್ನು ಪರೀಕ್ಷೆಗೆ ಒಡ್ಡಿತು. 2007ರಲ್ಲಿ ಹೊರಬಿದ್ದ ಮೊದಲ ವರ್ಷದ ವರದಿಯ ಪ್ರಕಾರ, ಅವುಗಳನ್ನು ಬಳಸಿದ ತರಗತಿಗಳಿಗೂ ಬಳಸದ ತರಗತಿಗಳಿಗೂ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಾಂಬಿಯಾದ ಲುಸಾಕಾದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಸ್ಥಳೀಯ ಭಾಷೆಯ ಗ್ರಾಫೋಗೇಮ್ ಕೊಟ್ಟಾಗ ಇನ್ನೊಂದು ಸಂಗತಿ ಹೊಳೆಯಿತು: ಮಕ್ಕಳ ಜೊತೆ ಶಿಕ್ಷಕರೂ ಆಟ ಆಡಿದ ಕಡೆ ಫಲ ಹೆಚ್ಚು.

ಅರ್ಥ ಸ್ಪಷ್ಟ. ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವ ಅಭ್ಯಾಸವನ್ನು ಯಂತ್ರ ಬೇಸರವಿಲ್ಲದೆ ನೂರು ಸಲ ಮಾಡಿಸೀತು. ಆದರೆ ‘ಅರಸ ಯಾಕೆ ಅತ್ತ?’ ಎಂದು ಕೇಳಿ, ಮಗುವಿನ ಉತ್ತರಕ್ಕೆ ನಕ್ಕು, ಕತೆಯ ರುಚಿ ಹತ್ತಿಸುವ ಕೆಲಸ ಮನುಷ್ಯರದ್ದೇ.

ಪಾಲಕರು ಮಾಡಬಹುದಾದದ್ದು ಏನು? ತಂತ್ರಾಂಶ ಕೊಳ್ಳುವ ಮುನ್ನ ಐದು ನಿಮಿಷ ತಾವೇ ಆಡಿ ನೋಡಬೇಕು. ಬಣ್ಣದ ಚಿತ್ರ ಕುಣಿಯುತ್ತಿದೆಯೋ, ಮಗು ನಿಜಕ್ಕೂ ಓದುತ್ತಿದೆಯೋ? ತಪ್ಪಿದಾಗ ಸರಿಯುತ್ತರ ತಿಳಿಸುತ್ತದೆಯೋ, ಬರೀ ಗಂಟೆ ಬಾರಿಸುತ್ತದೆಯೋ? ದಿನಕ್ಕೆ ಹದಿನೈದು ನಿಮಿಷ ಸಾಕು. ಆಮೇಲೆ ಪುಸ್ತಕ ಕೈಗೆ ಬರಲಿ. ಕೊಳ್ಳುವ ಶಕ್ತಿ ಇಲ್ಲದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ.

ತಾಯಿಗೇ ಓದು ಬಾರದಿದ್ದರೂ ಚಿಂತೆಯಿಲ್ಲ. ರೊಟ್ಟಿ ತಟ್ಟುತ್ತಲೇ ‘ಮುಂದೇನಾಯ್ತು, ಓದು ಕಂದ’ ಎಂದರೂ ಸಾಕು. ಕೇಳುವ ಕಿವಿ ಇದೆಯೆಂದು ಗೊತ್ತಾದರೆ ಮಗು ಇನ್ನೊಂದು ಪುಟ ತಿರುವುತ್ತದೆ.