ನಾಟಕ ನೋಡಿದ ಮೇಲೆ ‘ಬಿಲ್ಲಿ ಎಲಿಯಟ್’ ಸಿನಿಮಾ

‘ಬಿಲ್ಲಿ ಎಲಿಯಟ್’ ಸಿನಿಮಾ ಬಂದದ್ದು 2000ರಲ್ಲಿ. ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಕೌಂಟಿ, ಅಲ್ಲೊಂದು ಕಲ್ಲಿದ್ದಲು ಗಣಿಯ ಊರು, 1984–85ರ ಗಣಿ ಕಾರ್ಮಿಕರ ಮುಷ್ಕರ. ಅದರ ನಡುವೆ, ಬಾಕ್ಸಿಂಗ್ ಕಲಿಯಲು ಹೋಗಿ ಬ್ಯಾಲೆಗೆ ಮನಸೋತ ಹನ್ನೊಂದು ವರ್ಷದ ತಾಯಿಯಿಲ್ಲದ ಹುಡುಗ. ಕಾನ್‌ ಚಿತ್ರೋತ್ಸವದಲ್ಲಿ ಇದನ್ನು ನೋಡಿ ಅತ್ತ ಎಲ್ಟನ್ ಜಾನ್ ಮುಂದೆ ಇದರ ರಂಗರೂಪಕ್ಕೆ ಸಂಗೀತ ಕೊಟ್ಟರು. 2005ರಲ್ಲಿ ಅದು ಸಂಗೀತ ನಾಟಕವಾಗಿ ಲಂಡನ್ನಿನ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರಕ್ಕೆ ಬಂತು, 2016ರವರೆಗೂ ನಡೆಯಿತು. 2014ರಲ್ಲಿ ಒಂದು ಪ್ರದರ್ಶನವನ್ನು ಚಿತ್ರೀಕರಿಸಿದ್ದರಿಂದ ದೂರದಲ್ಲಿರುವ ಎಷ್ಟೋ ಜನ ಮೊದಲು ನೋಡಿದ್ದು ನಾಟಕವನ್ನೇ. ಅವರಲ್ಲಿ ಹಲವರು ಸಿನಿಮಾ ಬೇಡ ಎನ್ನುತ್ತಾರೆ. ಅವರು ಕೊಡುವ ಕಾರಣಗಳನ್ನು ನಾನು ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಕತೆ ಗೊತ್ತಾದ ಮೇಲೆ ಕಣ್ಣೀರು ಬರುವುದಿಲ್ಲ.

ವಾಸ್ತವ: ಲೋಹಿತಾಶ್ವನಿಗೆ ಹಾವು ಕಚ್ಚುತ್ತದೆಂದು ತಿಳಿದಿದ್ದೇ ಹರಿಶ್ಚಂದ್ರ ನಾಟಕಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದವರು ನಾವು. ಈ ಸಿನಿಮಾದಲ್ಲಂತೂ ಗೊತ್ತಿರುವುದೇ ಹೊಟ್ಟೆ ಸಂಕಟ ತರುತ್ತದೆ. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವರ ಬಸ್ಸು ಬಂದಾಗ ಅಪ್ಪ ಜಾಕಿ ಗುಂಪಿನಲ್ಲಿ ನಿಂತು ಗಂಟಲು ಹರಿಯುವಂತೆ ಬೈಯುತ್ತಾನೆ. ಮಗನನ್ನು ಲಂಡನ್ನಿಗೆ ಕಳಿಸುವ ದುಡ್ಡಿಗಾಗಿ ಮುಂದೊಂದು ದಿನ ಅದೇ ಬಸ್ಸಿನಲ್ಲಿ ಅವನೇ ತಲೆತಗ್ಗಿಸಿ ಕೂರುತ್ತಾನೆಂದು ನಾಟಕ ನೋಡಿದವರಿಗೆ ಆಗಲೇ ಗೊತ್ತು. ಹೊಸಬರಿಗೆ ಅದು ಬರಿಯ ಗಲಾಟೆಯ ದೃಶ್ಯ, ನಮಗೆ ಅಲ್ಲ.

ತಪ್ಪು ಕಲ್ಪನೆ: ಸಿನಿಮಾ ಎಂದರೆ ಹಾಡು ಕಿತ್ತು ಹಾಕಿದ ನಾಟಕ.

ವಾಸ್ತವ: ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ನಾಟಕದಲ್ಲಿ ಎದೆಯಲ್ಲಿದ್ದದ್ದೆಲ್ಲ ಹಾಡಾಗಿ ಹೊರಬರುತ್ತದೆ. ಸಿನಿಮಾದ ಜನರಿಗೆ ಆ ಬಿಡುಗಡೆ ಇಲ್ಲ. ತೀರಿಕೊಂಡ ಅಮ್ಮ ಮಗನಿಗೆಂದು ಬರೆದಿಟ್ಟ ಪತ್ರವನ್ನೇ ನೋಡಿ. ರಂಗದ ಮೇಲೆ ಅಮ್ಮನೇ ಎದುರು ಬಂದು ದನಿಗೂಡಿಸುತ್ತಾಳೆ. ಸಿನಿಮಾದಲ್ಲಿ ಡ್ಯಾನ್ಸ್ ಟೀಚರ್ ಮಿಸೆಸ್ ವಿಲ್ಕಿನ್ಸನ್ ಅದನ್ನು ಓದುತ್ತಿರುತ್ತಾಳೆ, ಹುಡುಗ ಕಾಗದ ನೋಡದೆಯೇ ಸಾಲುಗಳನ್ನು ಹೇಳಿಬಿಡುತ್ತಾನೆ. ಅವನು ಅದನ್ನು ಎಷ್ಟು ಸಲ ಓದಿರಬಹುದು! ಅದು ತಿಳಿಯಲು ಹಾಡು ಬೇಕಾಗುವುದಿಲ್ಲ.

ರಾಯಲ್ ಬ್ಯಾಲೆ ಶಾಲೆಯ ಆಯ್ಕೆಯಲ್ಲಿ, ಕುಣಿಯುವಾಗ ನಿನಗೆ ಏನನ್ನಿಸುತ್ತದೆ ಎಂದು ಕೇಳುತ್ತಾರೆ. ನಾಟಕದ ಬಿಲ್ಲಿ ಇದಕ್ಕೆ ಒಂದಿಡೀ ಹಾಡು ಹಾಡಿ, ಕುಣಿದು ಉತ್ತರಿಸುತ್ತಾನೆ. ಪ್ರೇಕ್ಷಕರು ಎದ್ದು ನಿಲ್ಲುವುದು ಅಲ್ಲೇ. ಸಿನಿಮಾದ ಬಿಲ್ಲಿ ತಡವರಿಸುತ್ತಾನೆ. ನಾಲ್ಕೈದು ಮುರುಕು ಮಾತು, ಅಷ್ಟೇ. ಆ ಹಾಡು ಕಿವಿಯಲ್ಲಿ ಉಳಿದಿದ್ದವರಿಗೆ, ಹುಡುಗ ಹೇಳಲಾಗದೆ ನುಂಗಿಕೊಂಡದ್ದು ಏನೆಂದು ಗೊತ್ತಿರುತ್ತದೆ. ನಾಟಕ ಮೊದಲು ನೋಡಿದ್ದರ ಲಾಭ ನನಗೆ ಸಿಕ್ಕಿದ್ದು ಇಲ್ಲಿ.

ಇನ್ನೊಂದು ದೃಶ್ಯ. ಬಿಲ್ಲಿ ಊರು ಬಿಟ್ಟು ಹೊರಟಿದ್ದಾನೆ. ಸಿನಿಮಾವಿಡೀ ತಮ್ಮನ ಮೇಲೆ ಸಿಡುಕಿದ ಅಣ್ಣ ಟೋನಿ, ನೀನಿಲ್ಲದೆ ಬೇಸರವಾಗುತ್ತದೆ ಎಂದು ಕೊನೆಗೂ ಹೇಳುತ್ತಾನೆ. ಬಸ್ಸಿನ ಗಾಜಿನ ಆಚೆಗಿರುವ ತಮ್ಮನಿಗೆ ಅದು ಕೇಳಿಸುವುದಿಲ್ಲ. ಬಸ್ಸು ಹೋಗಿಬಿಡುತ್ತದೆ. ಹಾಡಿನ ಮೂಲಕ ಎಲ್ಲವನ್ನೂ ಹೇಳಿ ಮುಗಿಸುವ ನಾಟಕದಿಂದ ಬಂದವರಿಗೆ ಈ ಗಾಜು ತಡೆಯಲಾಗದ ನೋವು.

ತಪ್ಪು ಕಲ್ಪನೆ: ರಂಗದ ಬಿಲ್ಲಿ ಕಣ್ಣಲ್ಲಿ ಕೂತ ಮೇಲೆ ಸಿನಿಮಾದ ಬಿಲ್ಲಿ ಜೇಮಿ ಬೆಲ್ ಒಗ್ಗುವುದಿಲ್ಲ.

ವಾಸ್ತವ: ರಂಗಕ್ಕೆ ಒಬ್ಬನೇ ಬಿಲ್ಲಿ ಎಂದೂ ಇರಲಿಲ್ಲ. ಪಾತ್ರ ಅಷ್ಟು ದಣಿಸುವಂಥದ್ದು, ಹುಡುಗರು ಸರದಿಯಲ್ಲಿ ಮಾಡುತ್ತಾರೆ. 2009ರಲ್ಲಿ ಬ್ರಾಡ್‌ವೇಯ ಮೂವರು ಬಿಲ್ಲಿಗಳಿಗೆ ಶ್ರೇಷ್ಠ ನಟನ ಟೋನಿ ಪ್ರಶಸ್ತಿಯನ್ನು ಒಟ್ಟಿಗೇ ಕೊಟ್ಟರು. ಜೇಮಿ ಬೆಲ್‌ನನ್ನು ಇನ್ನೊಬ್ಬ ಬಿಲ್ಲಿ ಎಂದು ಒಪ್ಪಿಕೊಂಡರಾಯಿತು.

ತಪ್ಪು ಕಲ್ಪನೆ: ಸಿನಿಮಾವೇ ಅಸಲು, ನಾಟಕ ಅದನ್ನು ಸಿಹಿ ಮಾಡಿ ಬಡಿಸಿದ್ದು.

ವಾಸ್ತವ: ಇದು ಸಿನಿಮಾ ಪಕ್ಷದವರ ತಪ್ಪು, ನನ್ನದೂ ಅದೇ ಪಕ್ಷವಾದ್ದರಿಂದ ಹೇಳಲೇಬೇಕು. ನಿರ್ದೇಶಕ ಸ್ಟೀಫನ್ ಡಾಲ್ಡ್ರಿ, ಬರೆದ ಲೀ ಹಾಲ್, ನೃತ್ಯ ಸಂಯೋಜಿಸಿದ ಪೀಟರ್ ಡಾರ್ಲಿಂಗ್, ಎರಡಕ್ಕೂ ಇವರೇ. ಪೊಲೀಸರು, ಮುಷ್ಕರನಿರತರು, ಬ್ಯಾಲೆ ಕ್ಲಾಸಿನ ಪುಟ್ಟ ಹುಡುಗಿಯರು ಒಂದೇ ಹಾಡಿನಲ್ಲಿ ಒಬ್ಬರೊಳಗೊಬ್ಬರು ಹೆಣೆದುಕೊಳ್ಳುವ ದೃಶ್ಯ ರಂಗಕ್ಕೇ ಮೀಸಲು. ಮುಕ್ತಾಯದಲ್ಲೂ ನಾಟಕವೇ ಹೆಚ್ಚು ಕಠೋರ. ಸಿನಿಮಾ ವರ್ಷಗಳನ್ನು ದಾಟಿ, ದೊಡ್ಡವನಾದ ಬಿಲ್ಲಿ ‘ಸ್ವಾನ್ ಲೇಕ್‌’ನಲ್ಲಿ ನೆಗೆಯುವುದನ್ನು ತೋರಿಸುತ್ತದೆ, ಪ್ರೇಕ್ಷಕರ ನಡುವೆ ಮುದಿ ಅಪ್ಪ ಕೂತಿದ್ದಾನೆ. ನಾಟಕದ ಕೊನೆಯಲ್ಲಿ ಆ ಭವಿಷ್ಯ ಕಾಣುವುದಿಲ್ಲ. ಸೋತ ಕಾರ್ಮಿಕರು ಹೆಲ್ಮೆಟ್ಟಿನ ದೀಪ ಹೊತ್ತಿಸಿಕೊಂಡು ಗಣಿಗೆ ಇಳಿಯುತ್ತಾರೆ, ಹುಡುಗ ಹೊರಡುತ್ತಾನೆ. ಆ ನೆಗೆತಕ್ಕಾಗಿಯಾದರೂ ನಾಟಕದವರು ಸಿನಿಮಾ ನೋಡಲಿ.

ತಪ್ಪು ಕಲ್ಪನೆ: ಇದು ನಡೆದ ಕತೆ.

ವಾಸ್ತವ: ಹುಡುಗ ಕಲ್ಪನೆ, ಸಿನಿಮಾದಲ್ಲಿ ಬರುವ ಎವರಿಂಗ್ಟನ್ ಎಂಬ ಊರೂ ಕಲ್ಪನೆ. ಮುಷ್ಕರ ಮಾತ್ರ ನಿಜ. ಬೀದಿಗಳನ್ನು ಚಿತ್ರೀಕರಿಸಿದ್ದು ಈಸಿಂಗ್ಟನ್ ಎಂಬ ನಿಜವಾದ ಗಣಿಯೂರಿನಲ್ಲಿ. ಕ್ಯಾಮೆರಾ ಬರುವ ಹೊತ್ತಿಗೆ ಅಲ್ಲಿ ಗಣಿ ಇರಲಿಲ್ಲ, 1993ರಲ್ಲೇ ಮುಚ್ಚಿತ್ತು.