ಮೇಲಿನ ಕೆರೆಯ ಕೋಡಿ, ಕೆಳಗಿನ ಕೆರೆಯ ಬದುಕು

ನಿಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಮಳೆಯಿಂದ ಎನ್ನುತ್ತೀರಿ. ಅದು ಅರ್ಧ ಉತ್ತರ. ಉಳಿದರ್ಧ ಉತ್ತರ ಮೇಲಿನ ಊರಿನ ಕೆರೆಯಲ್ಲಿದೆ.

ಬೆಂಗಳೂರು, ಕೋಲಾರ, ಹೊಸೂರು, ಮಡಕಶಿರಾ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಮಳೆ ಬಿದ್ದರೆ ನಾಲ್ಕು ದಿನ ಜೋರು, ಆಮೇಲೆ ಬಿಸಿಲು. ಅದಕ್ಕೇ ನಮ್ಮ ಹಿರಿಯರು ಹಳ್ಳದ ಇಳಿಜಾರಿನುದ್ದಕ್ಕೂ ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಆಳ ಕಡಿಮೆ, ಹರವು ಹೆಚ್ಚು. ಒಂದು ಕೆರೆ ತುಂಬಿದರೆ ಹೆಚ್ಚಾದ ನೀರು ಕೋಡಿ ಬಿದ್ದು, ಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ತೂಬಿನಿಂದ ಬಿಟ್ಟ ನೀರು ಗದ್ದೆಗೆ. ನೆಲಕ್ಕೆ ಇಂಗಿದ ನೀರು ಸುತ್ತಲ ಬಾವಿಗಳಿಗೆ.

ಎರಡು ಭಾಷೆ ಬಲ್ಲ ನಿಮಗೊಂದು ಸ್ವಾರಸ್ಯ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ನಾವು ಕೋಡಿ ಎನ್ನುವುದನ್ನು ತೆಲುಗಿನವರು ಅಲುಗು ಎನ್ನುತ್ತಾರೆ, ತಮಿಳರು ಕಲಿಂಗು ಎನ್ನುತ್ತಾರೆ. ಮಾತು ಮೂರಾದರೂ ನೀರು ಹರಿಯುವ ಕ್ರಮ ಒಂದೇ.

ಆ ಕ್ರಮ ಕೆಟ್ಟರೆ ಏನಾಗುತ್ತದೆ? ಕೋಡಿಯ ಕಾಲುವೆಯನ್ನು ಯಾರೋ ಮುಚ್ಚಿ ಹೊಲ ಮಾಡಿಕೊಂಡರೆ, ಮನೆ ಕಟ್ಟಿದರೆ, ಒಳ್ಳೆಯ ಮಳೆಯಲ್ಲೂ ಕೆಳಗಿನ ಕೆರೆ ಬರಿದು. ಹೂಳು ತುಂಬಿ, ಕೋಡಿ ಕಟ್ಟಿಕೊಂಡಿರುವಾಗ ದೊಡ್ಡ ಮಳೆ ಬಂದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮೇಲಿನ ಏರಿ ಒಡೆದರೆ ಆ ನೀರಿನ ರಭಸಕ್ಕೆ ಕೆಳಗಿನ ಏರಿಯೂ ಒಡೆಯಬಹುದು.

ನೀರಿನಂತೆ ಕೊಳೆಯೂ ಇದೇ ದಾರಿಯಲ್ಲಿ ಇಳಿಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿ. ಸುಮಾರು 900 ಎಕರೆಯ ಈ ಕೆರೆಗೆ ನಗರದ ಮೋರಿ ನೀರು ಸೇರಿ, 2015ರಲ್ಲಿ ನೊರೆ ಉಕ್ಕಿ ರಸ್ತೆಗೆ ಬಂತು. 2017ರಲ್ಲೂ 2018ರಲ್ಲೂ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಬೆಳ್ಳಂದೂರಿನ ಕೋಡಿ ವರ್ತೂರು ಕೆರೆಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಳ್ಳುವ ಅದೇ ನದಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟು ತುಂಬಿಸುತ್ತದೆ. ಅಲ್ಲಿಯೂ ನೊರೆ ಕಂಡದ್ದುಂಟು. ಬೆಂಗಳೂರಿನ ಬಚ್ಚಲ ನೀರು ಗಡಿಯಾಚೆಯ ರೈತನ ಗದ್ದೆಗೆ ಬಂದಿತು. ಗಡಿಕಲ್ಲು ನೆಟ್ಟವರು ನೆಲದ ಇಳಿಜಾರನ್ನು ಕೇಳಿ ನೆಡಲಿಲ್ಲವಷ್ಟೆ.

ಹಿಂದೆ ನೀರುಗಂಟಿ ತೂಬು, ಕಾಲುವೆಗಳ ಮೇಲೆ ಕಣ್ಣಿಟ್ಟಿರುತ್ತಿದ್ದ. ಬೇಸಿಗೆಯಲ್ಲಿ ರೈತರು ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯ ಹೂಳೂ ತೆಗೆದಂತಾಯಿತು. ಬೋರ್‌ವೆಲ್ ಬಂದ ಮೇಲೆ ಕೆರೆಯತ್ತ ನೋಡುವವರು ಕಡಿಮೆಯಾದರು. ಆದರೆ ಕೆರೆ ಒಣಗಿದರೆ ಬೋರ್‌ವೆಲ್ಲಿಗೂ ನೀರು ಕುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಈ ಸಲ ಮುಂಗಾರಿಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕೆರೆಯ ಕೋಡಿಯಿಂದ ಕಾಲುವೆ ಹಿಡಿದು ಕೆಳಗಿನ ಕೆರೆಯವರೆಗೆ ನಡೆದು ಬನ್ನಿ. ಗ್ರಾಮದ ನಕ್ಷೆಯಲ್ಲಿರುವ ಕಾಲುವೆ ನೆಲದ ಮೇಲೂ ಇದೆಯೇ ನೋಡಿ. ಇಲ್ಲವಾದರೆ ಪಂಚಾಯಿತಿಯಲ್ಲಿ ಕೇಳಿ. ಕೆಳಗಿನ ಊರಿನವರು ಬೇರೆ ಭಾಷೆಯವರಿರಬಹುದು, ಬೇರೆ ರಾಜ್ಯದವರೂ ಇರಬಹುದು. ನಿಮ್ಮ ಮೇಲಿನ ಊರಿನವರಿಂದ ನೀವು ಏನು ಬಯಸುತ್ತೀರೋ, ಅವರೂ ನಿಮ್ಮಿಂದ ಅದನ್ನೇ ಬಯಸುತ್ತಾರೆ.