ಲೆಕ್ಕ ಬಿಟ್ಟವರಿಗೆ ಮತ್ತೆ ಲೆಕ್ಕ

ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಪ್ಲಸ್ ಒನ್‌ಗೆ ಸೇರುವ ದಿನಗಳಲ್ಲಿ ಚೆನ್ನೈಯ ನಮ್ಮ ಮನೆಗಳಲ್ಲಿ ನಡೆಯುವ ವಾದವಿವಾದ ಓದುಗರಿಗೆ ಹೊಸದೇನೂ ಅಲ್ಲ. ಗಣಿತವೆಂದರೆ ತಲೆನೋವು ಎನ್ನುವ ಮಗಳು 'ಪ್ಯೂರ್ ಸೈನ್ಸ್ ಗ್ರೂಪ್' ಬೇಕೆಂದು ಹಟ ಹಿಡಿಯುತ್ತಾಳೆ. ಅದರಲ್ಲಿ ಭೌತ, ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳುಂಟು; ಗಣಿತವಿಲ್ಲ. ತಂದೆತಾಯಿಗಳೂ 'ಆಗಲಿ' ಎನ್ನುತ್ತಾರೆ. ಆದರೆ ಕಾಲೇಜು ಸೇರಿ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಗಣಿತ 'ಬಯೋಸ್ಟ್ಯಾಟಿಸ್ಟಿಕ್ಸ್' ಎಂಬ ಹೊಸ ವೇಷ ತೊಟ್ಟು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕುಳಿತಿರುತ್ತದೆ!

ಹುಡುಗಿ ಹೆದರುವುದು ಸಹಜ. ಆ ಹೆದರಿಕೆಯಲ್ಲಿ ಲೆಕ್ಕದ ಪಾಲಿಗಿಂತ ಕಲಿಸುವ ಕ್ರಮದ ಪಾಲೇ ಹೆಚ್ಚೆಂದು ನಮಗೆ ತೋರುತ್ತದೆ. ಸರಾಸರಿ, ಮಾನಕ ವಿಚಲನೆ, 'ಟಿ' ಪರೀಕ್ಷೆ ಎಂದು ಸೂತ್ರಗಳನ್ನು ಮೊದಲು ಬಾಯಿಪಾಠ ಮಾಡಿಸುತ್ತಾರೆ. ಪ್ರಯೋಗವನ್ನು ಹೂಡುವುದು ಹೇಗೆಂಬ ಮಾತು ಕಡೆಗೆ, ವೇಳೆ ಉಳಿದರೆ ಮಾತ್ರ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ! ಈ ಶಾಸ್ತ್ರದ ಪಿತಾಮಹರಲ್ಲೊಬ್ಬರಾದ ರೊನಾಲ್ಡ್ ಫಿಷರ್ 1938ರಲ್ಲಿ ಕಲಕತ್ತೆಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷಪೀಠದಿಂದ ಇದನ್ನೇ ಎಚ್ಚರಿಸಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಹೋದರೆ ಅವನು ಮಾಡಬಲ್ಲದ್ದು ಶವಪರೀಕ್ಷೆ ಮಾತ್ರ ಎಂಬುದು ಅವರ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ಎರೆಗೊಬ್ಬರದಿಂದ ಹೆಸರುಕಾಳಿನ ಸಸಿ ಹೆಚ್ಚು ಬೆಳೆಯುವುದೇ ಎಂದು ತಿಳಿಯಲು ವಿದ್ಯಾರ್ಥಿನಿಯೊಬ್ಬಳು ತಾರಸಿಯ ಮೇಲೆ ಎರಡು ಕುಂಡಗಳನ್ನಿಡುತ್ತಾಳೆ ಎನ್ನಿ. ಒಂದಕ್ಕೆ ಗೊಬ್ಬರ, ಇನ್ನೊಂದಕ್ಕೆ ಬರಿಯ ಮಣ್ಣು. ಒಂದೊಂದರಲ್ಲೂ ಹದಿನೈದು ಸಸಿ. ತಿಂಗಳಾದ ಮೇಲೆ ಅಳೆದು, ಒಟ್ಟು ಮೂವತ್ತು ಎಂದು ಬರೆದುಕೊಂಡು, ಸೂತ್ರಕ್ಕೆ ಹಾಕುತ್ತಾಳೆ. ಕಂಪ್ಯೂಟರು ಮರುಮಾತಿಲ್ಲದೆ ಉತ್ತರ ಕೊಡುತ್ತದೆ. ಆದರೆ ಗೊಬ್ಬರ ಹಾಕಿದ್ದು ಒಂದೇ ಕುಂಡಕ್ಕೆ! ಆ ಹದಿನೈದು ಸಸಿಗಳು ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು ಹಂಚಿಕೊಂಡ ಒಡಹುಟ್ಟುಗಳು. ಇನ್ನೊಂದು ಕುಂಡ ನೀರಿನ ಟ್ಯಾಂಕಿನ ನೆರಳಿನಲ್ಲಿದ್ದರೆ, ಅವಳು ಅಳೆದದ್ದು ಗೊಬ್ಬರವನ್ನೋ, ಚೆನ್ನೈಯ ಬಿಸಿಲನ್ನೋ? ಅಲ್ಲಿರುವ ನಿಜವಾದ ಸಂಖ್ಯೆ ಮೂವತ್ತಲ್ಲ, ಎರಡು. ಇಂಥ ಸುಳ್ಳು ಪುನರಾವರ್ತನೆ ಪ್ರಕಟವಾದ ಸಂಶೋಧನೆಗಳಲ್ಲೇ ಎಷ್ಟೊಂದು ಇದೆಯೆಂದು 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಅಮೆರಿಕದ ಪರಿಸರವಿಜ್ಞಾನಿ ತೋರಿಸಿಕೊಟ್ಟರು. ಇಪ್ಪತ್ತು ಸಣ್ಣ ಕುಂಡಗಳನ್ನಿಟ್ಟು, ಗೊಬ್ಬರ ಯಾವುದಕ್ಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರೆ ಅದೇ ಶ್ರಮ ಸಾರ್ಥಕವಾಗುತ್ತಿತ್ತು.

ಚೀಟಿ ಏಕೆ? ಇದಕ್ಕೆ ಅಡಿಗೆಮನೆಯೇ ಪಾಠಶಾಲೆ. ಡಿಕಾಕ್ಷನ್ನಿಗೆ ಹಾಲು ಬೆರೆಸಿದ್ದೋ, ಹಾಲಿಗೆ ಡಿಕಾಕ್ಷನ್ ಬೆರೆಸಿದ್ದೋ ಎಂಬುದನ್ನು ಕುಡಿದೇ ಹೇಳಬಲ್ಲೆನೆಂದು ಮಾವನವರು ಜಂಬ ಕೊಚ್ಚಿದರೆನ್ನಿ. ಫಿಷರ್ ತಮ್ಮ 1935ರ ಪುಸ್ತಕದಲ್ಲಿ ಚಹಾವನ್ನಿಟ್ಟು ಹೇಳಿದ್ದನ್ನು ನಾವು ಕಾಫಿಗೆ ಒಗ್ಗಿಸಿಕೊಳ್ಳೋಣ. ಎಂಟು ಲೋಟ, ಒಂದೊಂದು ಬಗೆಯದು ನಾಲ್ಕು. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿಗಳು 70. ಏನೂ ತಿಳಿಯದವರು ನಾಲ್ಕನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಮೂರನ್ನಾದರೂ ಸರಿ ಹೇಳುವ ಸಂಭವವೋ 70ರಲ್ಲಿ 17, ಎಂದರೆ ಸುಮಾರು ಕಾಲುಭಾಗ! ಮೂರಕ್ಕೇ ಮಾವನವರಿಗೆ ಹಾರ ಹಾಕಬೇಕಾಗಿಲ್ಲ. ಲೋಟಗಳನ್ನು ಕೊಡುವ ಕ್ರಮವೂ ಚೀಟಿಯಂತೆ ನಡೆಯಬೇಕು. ಒಂದು ಬಗೆಯ ನಾಲ್ಕನ್ನೂ ಮೊದಲೇ ಬೆರೆಸಿಟ್ಟು ಅವು ಆರಿಹೋಗಿದ್ದರೆ, ನಾಲಗೆ ಗುರುತಿಸುವುದು ಬಿಸಿಯನ್ನು, ರುಚಿಯನ್ನಲ್ಲ.

ಇದು ಬರಿಯ ವಿನೋದವೆಂದು ಭಾವಿಸುವವರು ಚೆಟ್‌ಪೇಟ್‌ನ ಕಥೆಯನ್ನು ಕೇಳಬೇಕು. ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವುದು 1956ರಲ್ಲಿ ಅಂದಿನ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಪ್ರಯೋಗಕೇಂದ್ರವಾಗಿ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿ ಇವು ನಾಲ್ಕೂ ಕೈಗೂಡಿಸಿದ್ದುವು. ಆಗ ಕ್ಷಯವೆಂದರೆ ಆರೋಗ್ಯಧಾಮ, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ದೇಶದ ರೋಗಿಗಳ ಮುಂದೆ ಅಲ್ಲಿನ ಹಾಸಿಗೆಗಳು ಏನೇನೂ ಸಾಲವು. ಇಕ್ಕಟ್ಟಿನ ಮನೆಯಲ್ಲಿ, ಅರೆಹೊಟ್ಟೆಯಲ್ಲಿದ್ದವರಿಗೆ ಅದೇ ಔಷಧಿಯನ್ನು ಮನೆಯಲ್ಲೇ ಕೊಟ್ಟರೆ ಗುಣವಾದೀತೆ?

ಯಾರನ್ನು ಎಲ್ಲಿಡಬೇಕೆಂಬುದನ್ನು ವೈದ್ಯರ ಇಷ್ಟಕ್ಕೆ ಬಿಟ್ಟಿದ್ದರೆ ಕನಿಕರದಿಂದ ಹೆಚ್ಚು ನರಳುವವರನ್ನೇ ಆರೋಗ್ಯಧಾಮಕ್ಕೆ ಕಳುಹಿಸುತ್ತಿದ್ದರು; ಹೋಲಿಕೆ ಕೆಟ್ಟುಹೋಗುತ್ತಿತ್ತು. ಆದಕಾರಣ 193 ರೋಗಿಗಳನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಎರಡು ಗುಂಪುಗಳಿಗೆ ಹಂಚಿದರು. ರೋಗಿಗಳ ವಿಷಯದಲ್ಲೂ ಚೀಟಿಯೇ ಎಂದು ಮನಸ್ಸು ಅಳುಕಬಹುದು. ಆದರೆ ಯಾವುದು ಮೇಲೆಂದು ಆಗ ಯಾರಿಗೂ ಗೊತ್ತಿರಲಿಲ್ಲ; ಎರಡೂ ಕಡೆ ಒಂದೇ ಔಷಧಿಗಳು, ಐಸೋನಿಯಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ.

ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣು ಅಡಗಿದವರು ಆರೋಗ್ಯಧಾಮದಲ್ಲಿ ನೂರಕ್ಕೆ 92, ಮನೆಯಲ್ಲಿ 86. ಆರೋಗ್ಯಧಾಮದವರು ಚೆನ್ನಾಗಿ ಉಂಡು ತೂಕವನ್ನೂ ಹೆಚ್ಚಿಸಿಕೊಂಡಿದ್ದರು. ಹಾಗಾದರೆ ಆರೋಗ್ಯಧಾಮ ಗೆದ್ದಂತೆಯೆ? ನಮ್ಮ ಹುಡುಗಿಯ 'ತಲೆನೋವು' ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಷ್ಟು ಸಣ್ಣ ಗುಂಪುಗಳಲ್ಲಿ ಆರರ ಅಂತರ ಅದೃಷ್ಟವೊಂದರಿಂದಲೇ ಬರಬಹುದೆಂದು ಲೆಕ್ಕ ಹೇಳುತ್ತದೆ. ಕಾಫಿಯ ಲೋಟಗಳನ್ನು ಎಣಿಸಿದವಳಿಗೆ ಈ ಮಾತು ತಟ್ಟನೆ ಹೊಳೆಯುತ್ತದೆ. ಸೂತ್ರವನ್ನಷ್ಟೇ ಉರು ಹೊಡೆದವಳಿಗೆ ಹೊಳೆಯುವುದು ಕಷ್ಟ.

ಕಾಲೇಜಿನ ಉಪಾಧ್ಯಾಯರು ಪಠ್ಯದ ಮೊದಲ ವಾರವನ್ನೇ ಚೆಟ್‌ಪೇಟ್‌ನ ಈ ವರದಿಗೆ ಮೀಸಲಿಟ್ಟರೆ ಎಷ್ಟು ಚೆನ್ನ! ಮನೆಯ ಮಕ್ಕಳಿಗೆ ಸೋಂಕು ಹೆಚ್ಚೀತೆಂಬ ಭಯವನ್ನೂ ಅಲ್ಲಿನವರು ಹಾಗೆಯೇ ಬಿಡಲಿಲ್ಲ. ಎರಡೂ ಗುಂಪಿನ ಮನೆಯವರನ್ನು ಐದು ವರ್ಷ ಪರೀಕ್ಷಿಸುತ್ತ ಬಂದರು. ರೋಗಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಹೆಚ್ಚಿನ ಕೇಡೇನೂ ಕಾಣಲಿಲ್ಲ. 1962ರಲ್ಲಿ ದೇಶವ್ಯಾಪಿ ಕ್ಷಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಅದು ನೆಚ್ಚಿದ್ದು ಮನೆಯ ಚಿಕಿತ್ಸೆಯನ್ನೇ. ಕಾಯಿಲೆ ಬಿದ್ದ ತಾಯಿ ವರ್ಷಗಟ್ಟಲೆ ಮಕ್ಕಳನ್ನು ಅಗಲಿ ದೂರದ ಧಾಮದಲ್ಲಿರಬೇಕಾದ ಕಾಲ ಅಲ್ಲಿಂದ ಹಿಂದೆ ಸರಿಯಿತು.